ಮಳೆಯಲ್ಲಿ ನಡೆದ ಇಬ್ಬರು ಗುಮಾಸ್ತರು

ಪ್ರಶ್ನೆ: ನಾನು ಅರ್ಥಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದೇನೆ. ನಮ್ಮ ಪಠ್ಯದಲ್ಲಿ ನಿಯೋಕ್ಲಾಸಿಕಲ್ ಪಂಥದ ಬಗ್ಗೆ ಒಂದು ಅಧ್ಯಾಯ ಇದೆ. ಮನುಷ್ಯ ಸ್ವಾರ್ಥಿ, ಲೆಕ್ಕ ಹಾಕಿಯೇ ನಡೆಯುತ್ತಾನೆ ಅಂತ ಈ ಪಂಥ ಇಟ್ಟುಕೊಳ್ಳುತ್ತದೆ ಎಂದು ಒಂದೇ ಸಾಲಲ್ಲಿ ಹೇಳಿ, ನೇರ ರೇಖಾಚಿತ್ರಕ್ಕೆ ಹೋಗಿಬಿಡುತ್ತಾರೆ. ಇದನ್ನು ತೀರ್ಮಾನ ಮಾಡಿದವರು ಯಾರು? ಇದರ ಹಿಂದೆ ತತ್ವಶಾಸ್ತ್ರ ಏನಾದರೂ ಇದೆಯಾ? 'ನಿಯೋ' ಅಂದರೆ ಹೊಸದು. ಹಾಗಾದರೆ ಹೊಸದೇನು?

ಉತ್ತರ: ಹೆಸರಿನಿಂದಲೇ ಶುರು ಮಾಡೋಣ. ಆ ಹೆಸರನ್ನು ಈ ಪಂಥದವರು ತಾವಾಗಿ ಇಟ್ಟುಕೊಂಡಿದ್ದಲ್ಲ. 1900ರಲ್ಲಿ ಅದನ್ನು ಬಳಕೆಗೆ ತಂದವರು ಅಮೆರಿಕದ ಥಾರ್‌ಸ್ಟೀನ್ ವೆಬ್ಲೆನ್. ಅವರು ಈ ಪಂಥದ ಕಟು ಟೀಕಾಕಾರರು. ಲೆಕ್ಕ, ರೇಖೆ ಎಲ್ಲ ಹೊಸದಾಗಿ ಕಂಡರೂ ಒಳಗಿರುವ ಮನುಷ್ಯ ಹಳಬನೇ, ಸುಖ ಹುಡುಕಿಕೊಂಡು ದುಃಖ ತಪ್ಪಿಸಿಕೊಂಡು ಓಡಾಡುವ ಅದೇ ಮನುಷ್ಯ ಎಂಬುದು ಅವರ ತಕರಾರು. ಎರಡು ವರ್ಷ ಮೊದಲು, 1898ರಲ್ಲಿ, ಆ ಮನುಷ್ಯನನ್ನು ಅವರು ಸುಖದುಃಖಗಳ ಲೆಕ್ಕವನ್ನು ಮಿಂಚಿನ ವೇಗದಲ್ಲಿ ಹಾಕುವವನು ಎಂದು ವರ್ಣಿಸಿದ್ದರು. ನಿಮ್ಮ ಪಠ್ಯದ ಆ ಒಂದು ಸಾಲು ಬಂದಿರುವುದು ಹೆಚ್ಚುಕಡಿಮೆ ಈ ಟೀಕೆಯಿಂದ. ಪಂಥದವರ ಬಾಯಲ್ಲಿ ಅದು ಅಷ್ಟು ಸರಳವಾಗಿ ಬಂದಿರಲಿಲ್ಲ.

ಈ ವಿಷಯವನ್ನು ನಾನು ತುಂಬಾ ವರ್ಷ ಪಾಠ ಮಾಡಿದ್ದೇನೆ. ಮೊದಮೊದಲು ನಾನೂ 'ಸ್ವಾರ್ಥ' ಎಂಬ ಪದವನ್ನೇ ಹಿಡಿದುಕೊಂಡು ಕೂತಿದ್ದೆ. ಆಮೇಲೆ ಮೂಲ ಬರಹಗಳನ್ನು ಓದುತ್ತಾ ಹೋದಂತೆ ನನ್ನ ಗಮನ ಬೇರೆ ಕಡೆ ತಿರುಗಿತು. ಒಬ್ಬರ ಸುಖವನ್ನು ಇನ್ನೊಬ್ಬರ ಸುಖದ ಪಕ್ಕ ಇಟ್ಟು ತೂಗಬಹುದಾ? ಈ ಪಂಥದ ಇಡೀ ತತ್ವಶಾಸ್ತ್ರ ನಿಂತಿರುವುದು ಆ ಒಂದು ಪ್ರಶ್ನೆಯ ಮೇಲೆ. ಮೊದಲು ತೂಗಬಹುದು ಅಂದರು, ಆಮೇಲೆ ಆಗಲ್ಲ ಅಂದರು. ಆ ತಿರುವನ್ನು ಪಠ್ಯದಲ್ಲಿ ಅರ್ಧ ಪುಟದಲ್ಲಿ ಮುಗಿಸುತ್ತಾರೆ. ನಾನು ಅದಕ್ಕೇ ಜಾಸ್ತಿ ಜಾಗ ಕೊಡುತ್ತೇನೆ.

ಮೊದಲು ಹಳೆಯ ಮನೆ, ಅಂದರೆ ಕ್ಲಾಸಿಕಲ್ ಪಂಥವನ್ನು, ನೋಡಿಬಿಡೋಣ. ಆಡಂ ಸ್ಮಿತ್ ಗ್ಲಾಸ್ಗೋದಲ್ಲಿ ನೀತಿಶಾಸ್ತ್ರದ ಮೇಷ್ಟ್ರು. 1776ರ ಅವರ ದೊಡ್ಡ ಗ್ರಂಥದಲ್ಲಿ ನೀರು ಮತ್ತು ವಜ್ರದ ಒಗಟು ಬರುತ್ತದೆ. ನೀರಿಲ್ಲದೆ ಬದುಕಿಲ್ಲ, ಆದರೆ ಅದಕ್ಕೆ ಬೆಲೆ ಇಲ್ಲ. ವಜ್ರದಿಂದ ಹೊಟ್ಟೆ ತುಂಬಲ್ಲ, ಆದರೆ ಅದರ ಬೆಲೆ ಕೇಳುವ ಹಾಗಿಲ್ಲ. ಯಾಕೆ? ಸ್ಮಿತ್ ಉಪಯೋಗದ ಬೆಲೆ, ವಿನಿಮಯದ ಬೆಲೆ ಎಂದು ಎರಡು ಮಾಡಿ ಮುಂದೆ ಹೋದರು. 1817ರಲ್ಲಿ ಬಂದ ಡೇವಿಡ್ ರಿಕಾರ್ಡೊ ಬೆಲೆಯ ಬೇರನ್ನು ಶ್ರಮದಲ್ಲಿ ಹುಡುಕಿದರು. ಅವರ ನಿಜವಾದ ಚಿಂತೆ ಬೇರೆ ಇತ್ತು. ಬೆಳೆದದ್ದು ಜಮೀನುದಾರ, ಬಂಡವಾಳಗಾರ, ಕೂಲಿಕಾರ ಈ ಮೂವರ ನಡುವೆ ಹೇಗೆ ಹಂಚಿಹೋಗುತ್ತದೆ ಎಂಬುದು. ಅಂದರೆ ಕ್ಲಾಸಿಕಲ್ ಅರ್ಥಶಾಸ್ತ್ರದ ಪಾತ್ರಗಳು ವರ್ಗಗಳು. ಇದನ್ನು ನೆನಪಿಡಿ, ಯಾಕೆಂದರೆ ಮುಂದೆ ಈ ಪಾತ್ರಗಳು ಮಾಯ ಆಗುತ್ತವೆ.

ಅದೇ ಕಾಲದಲ್ಲಿ ಪಕ್ಕದ ಕೋಣೆಯಲ್ಲಿ ಇನ್ನೊಂದು ಕೆಲಸ ನಡೆದಿತ್ತು. ಜೆರೆಮಿ ಬೆಂಥಮ್ ಕಾನೂನು ಸುಧಾರಕ. ಪ್ರಕೃತಿ ಮನುಷ್ಯನನ್ನು ಸುಖ ಮತ್ತು ದುಃಖ ಎಂಬ ಇಬ್ಬರು ಒಡೆಯರ ಕೈಗೆ ಕೊಟ್ಟಿದೆ ಎಂದು 1789ರಲ್ಲಿ ಪ್ರಕಟವಾದ ತಮ್ಮ ಗ್ರಂಥವನ್ನು ಶುರು ಮಾಡಿದರು. ಸುಖವನ್ನು ಅಳೆಯಲು ಏಳು ಅಳತೆ ಕೊಟ್ಟರು. ಅದು ಎಷ್ಟು ತೀವ್ರ, ಎಷ್ಟು ಹೊತ್ತು ಇರುತ್ತದೆ, ಎಷ್ಟು ಖಚಿತ, ಎಷ್ಟು ಹತ್ತಿರ, ಇನ್ನಷ್ಟು ಸುಖ ಹುಟ್ಟಿಸುತ್ತದಾ, ದುಃಖ ಬೆರೆತಿದೆಯಾ, ಎಷ್ಟು ಜನಕ್ಕೆ ತಲುಪುತ್ತದೆ. ಕೊನೆಯದನ್ನು ಗಮನಿಸಿ. ಬೆಂಥಮ್ ಲೆಕ್ಕ ಮಾಡಿಕೊಟ್ಟಿದ್ದು ಅಂಗಡಿಗೆ ಹೋಗುವ ಗಿರಾಕಿಗಲ್ಲ, ಕಾನೂನು ಮಾಡುವವರಿಗೆ. ಒಂದು ಕಾನೂನಿನಿಂದ ಎಲ್ಲರ ಸುಖ ಕೂಡಿದರೆ ಎಷ್ಟು, ದುಃಖ ಕೂಡಿದರೆ ಎಷ್ಟು? ಕೂಡಬೇಕಾದರೆ ಒಬ್ಬರ ಸುಖವನ್ನು ಇನ್ನೊಬ್ಬರದರ ಜೊತೆ ಹೋಲಿಸಲೇಬೇಕು. ಅಷ್ಟೇ ಅಲ್ಲ, ದೊರೆಯ ಸುಖಕ್ಕೂ ಆಳಿನ ಸುಖಕ್ಕೂ ಒಂದೇ ತೂಕದ ಕಲ್ಲು ಬಳಸಬೇಕು. ಆ ಕಾಲಕ್ಕೆ ಇದು ಎಷ್ಟು ದೊಡ್ಡ ಮಾತು ಅಂತ ಯೋಚನೆ ಮಾಡಿ.

ಬೆಂಥಮ್ ಗರಡಿಯಲ್ಲಿ ಬೆಳೆದವರು ಜಾನ್ ಸ್ಟುವರ್ಟ್ ಮಿಲ್. ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ನಮ್ಮ ದೇಶದ ಕಾಗದಪತ್ರ ನೋಡಿಕೊಳ್ಳುತ್ತಾ 35 ವರ್ಷ ಕೆಲಸ ಮಾಡಿದವರು. ನೀವು ಕೇಳಿದ 'ಯಾರು ತೀರ್ಮಾನ ಮಾಡಿದರು' ಎಂಬುದಕ್ಕೆ ಹತ್ತಿರದ ಉತ್ತರ ಇವರ 1836ರ ಒಂದು ಪ್ರಬಂಧ. ಅರ್ಥಶಾಸ್ತ್ರ ಇಡೀ ಮನುಷ್ಯನನ್ನು ನೋಡುವುದಿಲ್ಲ, ಸಂಪತ್ತು ಬಯಸುವ ಅವನ ಒಂದು ಮುಖವನ್ನು ಮಾತ್ರ ಬಿಡಿಸಿಕೊಂಡು ನೋಡುತ್ತದೆ ಎಂದರು. ಕೂಡಲೇ ಎಚ್ಚರಿಕೆಯನ್ನೂ ಕೊಟ್ಟರು. ಮನುಷ್ಯ ನಿಜಕ್ಕೂ ಹೀಗೇ ಇದ್ದಾನೆ ಎಂದು ನಂಬುವಷ್ಟು ಅವಿವೇಕಿ ಅರ್ಥಶಾಸ್ತ್ರಜ್ಞ ಯಾರೂ ಇರಲಿಲ್ಲ ಅಂತ. ಅವರಿಗೆ ಅದು ಕೆಲಸಕ್ಕೆ ಬೇಕಾದ ಒಂದು ಸರಳೀಕರಣ ಅಷ್ಟೇ. ಇದೇ ಮಿಲ್ 1848ರಲ್ಲಿ, ಬೆಲೆಯ ನಿಯಮಗಳಲ್ಲಿ ಇನ್ನು ಬಿಡಿಸಬೇಕಾದ್ದು ಏನೂ ಉಳಿದಿಲ್ಲ ಎಂದೂ ಬರೆದರು. ಆ ಮಾತು 23 ವರ್ಷ ಬಾಳಿತು.

1871ರಲ್ಲಿ ಇಂಗ್ಲೆಂಡಿನಲ್ಲಿ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್, ವಿಯೆನ್ನಾದಲ್ಲಿ ಕಾರ್ಲ್ ಮೆಂಗರ್, 1874ರಲ್ಲಿ ಸ್ವಿಟ್ಜರ್ಲೆಂಡಿನ ಲೂಸಾನ್‌ನಲ್ಲಿ ಲಿಯೋನ್ ವಾಲ್ರಾಸ್, ಮೂವರೂ ಬೇರೆಬೇರೆಯಾಗಿ ಒಂದೇ ಜಾಗಕ್ಕೆ ಬಂದು ಮುಟ್ಟಿದರು. ಬೆಲೆಯನ್ನು ನಿರ್ಧರಿಸುವುದು ವಸ್ತುವಿನ ಒಟ್ಟು ಉಪಯೋಗ ಅಲ್ಲ, ನಿಮ್ಮ ಕೈಯಲ್ಲಿರುವ ಕೊನೆಯ ಅಂಶದ ಉಪಯೋಗ. ಪಠ್ಯದ ಭಾಷೆಯಲ್ಲಿ ಸೀಮಾಂತ ತುಷ್ಟಿಗುಣ.

ಇದಕ್ಕೆ ನಾನು ತರಗತಿಯಲ್ಲಿ ಯಾವಾಗಲೂ ಹೇಳುತ್ತಿದ್ದುದು ಮೆಂಗರ್ ಹಾದಿಯಲ್ಲಿ ನಡೆದ ಬೋಮ್ ಬಾವರ್ಕ್ 1889ರಲ್ಲಿ ಕೊಟ್ಟ ಉದಾಹರಣೆ. ಕಾಡಿನ ಅಂಚಿನಲ್ಲಿ ಒಂಟಿಯಾಗಿರುವ ಒಬ್ಬ ರೈತ. ಸುಗ್ಗಿ ಮುಗಿದಿದೆ, ಐದು ಮೂಟೆ ಧಾನ್ಯ ಇದೆ. ಮೊದಲ ಮೂಟೆ ಜೀವ ಹಿಡಿದುಕೊಳ್ಳಲು. ಎರಡನೆಯದು ಹೊಟ್ಟೆ ತುಂಬ ಉಂಡು ಗಟ್ಟಿಯಾಗಿರಲು. ಮೂರನೆಯದು ಕೋಳಿಗಳಿಗೆ. ನಾಲ್ಕನೆಯದು ಸಾರಾಯಿ ಇಳಿಸಲು. ಐದನೆಯದಕ್ಕೆ ಬೇರೇನೂ ಕೆಲಸ ತೋಚದೆ, ಇಷ್ಟದ ಗಿಳಿಗಳಿಗೆ ಹಾಕುತ್ತಾನೆ. ಈಗ ಒಂದು ಮೂಟೆ ಕಳೆದುಹೋಯಿತು ಅಂದುಕೊಳ್ಳಿ. ಅವನು ಎಲ್ಲದರಲ್ಲೂ ಐದನೇ ಒಂದು ಪಾಲು ಕಡಿಮೆ ಮಾಡುತ್ತಾನಾ? ಇಲ್ಲ. ಗಿಳಿಗಳಿಗೆ ಕಾಳು ನಿಲ್ಲುತ್ತದೆ, ಅಷ್ಟೆ. ಯಾವ ಮೂಟೆ ಕಳೆದರೂ ಅಷ್ಟೆ. ಹಾಗಾಗಿ ಐದು ಮೂಟೆ ಇರುವವರೆಗೆ ಪ್ರತಿ ಮೂಟೆಯ ಬೆಲೆಯೂ ಗಿಳಿಯ ಸುಖದಷ್ಟೇ. ಒಂದೇ ಮೂಟೆ ಉಳಿದಾಗ ಅದರ ಬೆಲೆ ಜೀವದಷ್ಟು. ನೀರು ಹೊಳೆಯಲ್ಲಿ ಹರಿಯುವಾಗ ಅದು ಗಿಳಿಯ ಮೂಟೆ. ವಜ್ರ ಯಾವಾಗಲೂ ಮೊದಲ ಮೂಟೆಯ ಹತ್ತಿರವೇ ಇರುತ್ತದೆ. ನೂರು ವರ್ಷದ ಒಗಟು ಐದು ಮೂಟೆಗಳಲ್ಲಿ ಬಿಡಿಸಿಕೊಂಡಿತು.

ಹೊಸದೇನು ಅಂತ ಕೇಳಿದಿರಿ, ಅಲ್ವಾ? ಹೊಸದು ಇದೇ. ರಿಕಾರ್ಡೊ ಕಥೆಯಲ್ಲಿ ಮೂರು ವರ್ಗಗಳಿದ್ದವು. ಈ ಕಥೆಯಲ್ಲಿ ಒಬ್ಬ ವ್ಯಕ್ತಿ, ಅವನ ಮುಂದೆ ಒಂದಿಷ್ಟು ಮೂಟೆ. ಸಂಪತ್ತು ಹೇಗೆ ಬೆಳೆಯುತ್ತದೆ ಎಂಬ ಪ್ರಶ್ನೆ ಹಿಂದೆ ಸರಿದು, ಇರುವುದನ್ನು ಹೇಗೆ ಹಂಚಿಕೊಂಡು ಬಳಸುವುದು ಎಂಬ ಪ್ರಶ್ನೆ ಮುಂದೆ ಬಂತು. ಆ ಮೂಟೆಗಳು ಅವನ ಕೈಗೆ ಹೇಗೆ ಬಂದವು, ಜಮೀನು ಯಾರದ್ದು ಎಂಬುದು ಕಥೆ ಶುರುವಾಗುವ ಮೊದಲೇ ಮುಗಿದುಹೋಗಿರುತ್ತದೆ.

ಮೂವರಲ್ಲಿ ಜೆವನ್ಸ್ ನನಗೆ ತುಂಬಾ ಹತ್ತಿರ. ಹತ್ತೊಂಬತ್ತು ವರ್ಷಕ್ಕೇ 1854ರಲ್ಲಿ ಆಸ್ಟ್ರೇಲಿಯಾಗೆ ಹೋಗಿ ಸಿಡ್ನಿಯ ಟಂಕಸಾಲೆಯಲ್ಲಿ ಚಿನ್ನದ ಶುದ್ಧತೆ ಪರೀಕ್ಷಿಸುವ ಕೆಲಸಕ್ಕೆ ಸೇರಿದ ಹುಡುಗ. ಐದು ವರ್ಷ ಅಲ್ಲಿದ್ದು, ಒಳ್ಳೆಯ ಸಂಬಳ ಬಿಟ್ಟು ಓದು ಮುಗಿಸಲು ಲಂಡನ್‌ಗೆ ವಾಪಸ್ ಬಂದರು. 1860ರಲ್ಲಿ ಸಹೋದರನಿಗೆ ಬರೆದ ಪತ್ರದಲ್ಲಿ, ಅರ್ಥಶಾಸ್ತ್ರದ ನಿಜವಾದ ಸಿದ್ಧಾಂತ ತನಗೆ ಸಿಕ್ಕಿದೆ ಎಂದು ಹೇಳಿಕೊಂಡರು. 1862ರಲ್ಲಿ ಅದನ್ನು ಒಂದು ಸಭೆಗೆ ಕಳಿಸಿದರು. ಯಾರೂ ಕಿವಿಗೊಡಲಿಲ್ಲ. ಬೆಂಥಮ್‌ನ ಸುಖದುಃಖದ ಲೆಕ್ಕಕ್ಕೆ ಕಲನಶಾಸ್ತ್ರದ (ಕ್ಯಾಲ್ಕುಲಸ್) ಬಟ್ಟೆ ತೊಡಿಸಿದ್ದು ಇವರೇ. ಆದರೆ 1871ರ ಅವರ ಗ್ರಂಥದಲ್ಲಿ ಇನ್ನೊಂದು ಮಾತೂ ಇದೆ. ಪ್ರತಿ ಮನಸ್ಸೂ ಇನ್ನೊಂದು ಮನಸ್ಸಿಗೆ ಮುಚ್ಚಿದ ಬಾಗಿಲು, ಇಬ್ಬರ ಭಾವನೆಗಳಿಗೆ ಸಮಾನವಾದ ಅಳತೆಗೋಲು ಸಿಗುವ ಹಾಗೆ ಕಾಣುವುದಿಲ್ಲ ಎಂಬ ಅರ್ಥದ್ದು. ಬೆಂಥಮ್‌ನಿಂದ ಲೆಕ್ಕವನ್ನು ತೆಗೆದುಕೊಂಡರು, ಕೂಡುವುದನ್ನು ಅಲ್ಲೇ ಬಿಟ್ಟರು. ಮುಂದಿನ ಅರವತ್ತು ವರ್ಷದ ಜಗಳದ ಬೀಜ ಆ ಸಾಲಲ್ಲಿದೆ.

ವಾಲ್ರಾಸ್ ದಾರಿ ಬೇರೆ. ಅವರಿಗೆ ಮಾದರಿ ಭೌತಶಾಸ್ತ್ರ. ಪ್ವಾನ್ಸೋ ಎಂಬ ಫ್ರೆಂಚ್ ಗಣಿತಜ್ಞನ ಸ್ಥಿತಿಶಾಸ್ತ್ರದ ಪುಸ್ತಕ ಅವರ ಜೊತೆ ಸದಾ ಇರುತ್ತಿತ್ತು. ಗ್ರಹಗಳು ಒಂದನ್ನೊಂದು ಎಳೆದು ಸಮತೋಲನದಲ್ಲಿ ನಿಲ್ಲುವ ಹಾಗೆ ಎಲ್ಲ ಮಾರುಕಟ್ಟೆಗಳೂ ಒಂದನ್ನೊಂದು ಎಳೆದು ನಿಲ್ಲುತ್ತವೆ ಎಂದು ಸಮೀಕರಣ ಬರೆದರು. ಅವರ ಕಣ್ಣ ಮುಂದೆ ಇದ್ದದ್ದು ಪ್ಯಾರಿಸ್ಸಿನ ಷೇರುಪೇಟೆ. ಅಲ್ಲಿ ಬೆಲೆ ಕೂಗುತ್ತಾರೆ, ಎಲ್ಲರಿಗೂ ಕೇಳಿಸುತ್ತದೆ, ಕೊಳ್ಳುವವರು ಜಾಸ್ತಿಯಾದರೆ ಬೆಲೆ ಏರುತ್ತದೆ, ತಡವರಿಸುತ್ತಾ ತಡವರಿಸುತ್ತಾ ಒಂದು ಕಡೆ ನಿಲ್ಲುತ್ತದೆ.

ಇದನ್ನು ಪಾಠ ಮಾಡುವಾಗ ನನಗೆ ನಮ್ಮ ಕಡೆಯ ದನದ ಜಾತ್ರೆ ನೆನಪಾಗುತ್ತಿತ್ತು. ಅಲ್ಲಿ ಯಾರೂ ಬೆಲೆ ಕೂಗುವುದಿಲ್ಲ. ದಲ್ಲಾಳಿ ಹೆಗಲ ಮೇಲಿನ ಟವೆಲ್ ತೆಗೆದು ಕೈ ಮೇಲೆ ಹಾಕಿಕೊಳ್ಳುತ್ತಾನೆ, ಕೊಳ್ಳುವವನ ಕೈ ಅದರೊಳಗೆ ಹೋಗುತ್ತದೆ. ಯಾವ ಬೆರಳು ಹಿಡಿದರೆ ಎಷ್ಟು ಅಂತ ಇಬ್ಬರಿಗೇ ಗೊತ್ತು. ಪಕ್ಕದಲ್ಲಿ ನಿಂತವನಿಗೆ ತಲೆ ಅಲ್ಲಾಡಿದ್ದು ಕಾಣುತ್ತದೆ, ಬೆಲೆ ಕಾಣುವುದಿಲ್ಲ. ಎರಡೂ ಮಾರುಕಟ್ಟೆಯೇ. ಆದರೆ ಎಲ್ಲರಿಗೂ ಎಲ್ಲ ಬೆಲೆಯೂ ಗೊತ್ತು ಎಂಬ ಕಲ್ಪನೆ ಹುಟ್ಟುವುದು ಮೊದಲನೆಯದರಲ್ಲಿ ಮಾತ್ರ. ಸಿದ್ಧಾಂತ ಕಟ್ಟುವವರು ಯಾವ ಸಂತೆಯಲ್ಲಿ ನಿಂತಿದ್ದರು ಎಂಬುದು ಮುಖ್ಯ. ಅಂದ ಹಾಗೆ, ವಾಲ್ರಾಸ್ ಬಂಡವಾಳಗಾರರ ವಕೀಲರು ಅಂದುಕೊಳ್ಳಬೇಡಿ. ಜಮೀನನ್ನೆಲ್ಲ ಸರ್ಕಾರ ಕೊಂಡುಕೊಳ್ಳಬೇಕು ಎಂದು ವಾದಿಸಿದವರು ಅವರು.

ಈಗ ಸ್ವಾರ್ಥದ ವಿಷಯ ಮುಗಿಸಿಬಿಡೋಣ. ಪ್ರತಿಯೊಬ್ಬರನ್ನೂ ನಡೆಸುವುದು ಸ್ವಹಿತ ಮಾತ್ರ, ಅದೇ ಅರ್ಥಶಾಸ್ತ್ರದ ಮೊದಲ ತತ್ವ ಎಂದು ನೇರವಾಗಿ ಬರೆದವರು ಒಬ್ಬರಿದ್ದಾರೆ. 1881ರಲ್ಲಿ ಎಜ್‌ವರ್ತ್. ಆದರೆ ಅದೇ ಪಂಥದ ಫಿಲಿಪ್ ವಿಕ್‌ಸ್ಟೀಡ್ ಇದನ್ನು ಒಪ್ಪಲಿಲ್ಲ. ಅವರು ಚರ್ಚಿನ ಪಾದ್ರಿಯಾಗಿದ್ದವರು, ಡಾಂಟೆಯ ಕಾವ್ಯದ ವಿದ್ವಾಂಸರು. 1910ರ ತಮ್ಮ ಗ್ರಂಥದಲ್ಲಿ ಮನೆ ನಡೆಸುವ ಗೃಹಿಣಿಯಿಂದಲೇ ವಿಷಯ ಶುರು ಮಾಡುತ್ತಾರೆ. ಅವರ ವಾದವನ್ನು ನಮ್ಮ ಸಂತೆಗೆ ತಂದು ಹೇಳುತ್ತೇನೆ. ಮಗಳ ಫೀಸಿಗೆ ದುಡ್ಡು ಉಳಿಸಲು ಒಬ್ಬ ತಾಯಿ ಸೊಪ್ಪು ಮಾರುವಾಕೆಯ ಜೊತೆ ಎರಡು ರೂಪಾಯಿಗೆ ಚೌಕಾಸಿ ಮಾಡುತ್ತಾಳೆ. ಅವಳು ಸ್ವಾರ್ಥಿಯಾ? ಖಂಡಿತ ಅಲ್ಲ. ಅವಳ ಮನಸ್ಸಿನಲ್ಲಿ ಇರುವುದು ಮಗಳು. ಆದರೆ ಆ ಕ್ಷಣದಲ್ಲಿ ಎದುರಿಗಿರುವ ಸೊಪ್ಪಿನವಳ ಹಿತ ಅವಳ ಲೆಕ್ಕದಲ್ಲಿ ಇಲ್ಲ. ಮಾರುಕಟ್ಟೆಯ ಗುರುತು 'ನಾನು ಮಾತ್ರ' ಎಂಬುದಲ್ಲ, 'ಎದುರಿಗಿರುವ ನೀನು ಈ ಲೆಕ್ಕದಲ್ಲಿ ಇಲ್ಲ' ಎಂಬುದು. ಈ ಪಂಥದಲ್ಲಿ ಮನುಷ್ಯನ ಬಗ್ಗೆ ಬಂದ ಮಾತುಗಳಲ್ಲಿ ಇದಕ್ಕಿಂತ ಸೂಕ್ಷ್ಮವಾದದ್ದನ್ನು ನಾನು ಓದಿಲ್ಲ. ಪರೀಕ್ಷೆಯಲ್ಲಿ ಸ್ವಾರ್ಥದ ಬಗ್ಗೆ ಬರೆಯುವಾಗ ಇದನ್ನು ಬರೆಯಿರಿ.

ಇನ್ನು ಆಲ್ಫ್ರೆಡ್ ಮಾರ್ಷಲ್. 1890ರ ಅವರ ಗ್ರಂಥವೇ ಬೇಡಿಕೆ ಪೂರೈಕೆಯ ಕತ್ತರಿಯನ್ನು ಜಗತ್ತಿಗೆ ಕೊಟ್ಟದ್ದು. ಬೆಲೆಯನ್ನು ತುಷ್ಟಿಗುಣ ನಿರ್ಧರಿಸುತ್ತದಾ, ತಯಾರಿಕೆಯ ಖರ್ಚು ನಿರ್ಧರಿಸುತ್ತದಾ ಎಂದು ಜಗಳ ಆಡುವುದು, ಕಾಗದವನ್ನು ಕತ್ತರಿಸಿದ್ದು ಕತ್ತರಿಯ ಮೇಲಿನ ಅಲಗಾ ಕೆಳಗಿನ ಅಲಗಾ ಎಂದು ಕೇಳಿದ ಹಾಗೆ ಎಂದರು. ಹೀಗೆ ಹಳೆಯ ಕ್ಲಾಸಿಕಲ್ ಪಂಥವನ್ನೂ ಹೊಸ ವಿಚಾರವನ್ನೂ ಒಂದೇ ತಿರುಪಿನಲ್ಲಿ ಸೇರಿಸಿದರು.

ಆದರೆ ಮಾರ್ಷಲ್ ಅಂದರೆ ನನಗೆ ಕತ್ತರಿಗಿಂತ ಮೊದಲು ಒಂದು ಚಿತ್ರ ನೆನಪಾಗುತ್ತದೆ. ಅವರು ರಜೆಯಲ್ಲಿ ಊರೂರಿನ ಬಡವರ ಬೀದಿಗಳಲ್ಲಿ ನಡೆದು ಜನರ ಮುಖ ನೋಡುತ್ತಿದ್ದರಂತೆ. ಒಮ್ಮೆ ಅಂಗಡಿಯೊಂದರ ಕಿಟಕಿಯಲ್ಲಿ, ಸೋತು ಸುಣ್ಣವಾದ ಒಬ್ಬ ಮನುಷ್ಯನ ಮುಖದ ಸಣ್ಣ ತೈಲಚಿತ್ರ ಕಂಡಿತು. ಕೆಲವೇ ಶಿಲ್ಲಿಂಗ್ ಕೊಟ್ಟು ಅದನ್ನು ತಂದು ಕಾಲೇಜಿನ ತಮ್ಮ ಕೋಣೆಯಲ್ಲಿ, ಬೆಂಕಿಗೂಡಿನ ಮೇಲೆ ಇಟ್ಟುಕೊಂಡರು. ಅದನ್ನು ತಮ್ಮ ಕಾಯುವ ಸಂತ ಎಂದು ಕರೆದರು. ಇಂಥವರನ್ನು ಸ್ವರ್ಗಕ್ಕೆ ತಕ್ಕವರನ್ನಾಗಿ ಮಾಡುವುದು ಹೇಗೆ ಎಂಬುದೇ ತಮ್ಮ ಪ್ರಯತ್ನ ಎಂದುಕೊಂಡರು.

ಆ ಚಿತ್ರ ಅವರ ಸಿದ್ಧಾಂತದೊಳಕ್ಕೂ ಬಂದಿದೆ. ಇಬ್ಬರು ಗುಮಾಸ್ತರು. ಒಬ್ಬನಿಗೆ ವರ್ಷಕ್ಕೆ 100 ಪೌಂಡ್ ಸಂಬಳ, ಇನ್ನೊಬ್ಬನಿಗೆ 300. ಬೆಳಿಗ್ಗೆ ಕಚೇರಿಗೆ ಹೊರಟಾಗ ಮಳೆ. ಗಾಡಿ ಹತ್ತಿದರೆ ದುಡ್ಡು ಹೋಗುತ್ತದೆ, ನಡೆದರೆ ನೆನೆಯುತ್ತಾರೆ. 100 ಪೌಂಡಿನವನು ಇನ್ನೊಬ್ಬನಿಗಿಂತ ಜೋರು ಮಳೆಯಲ್ಲೂ ನಡೆದೇ ಹೋಗುತ್ತಾನೆ. ಯಾಕೆಂದರೆ ಅಷ್ಟೇ ಕಾಸು ಅವನ ಮನೆಯಲ್ಲಿ ಜಾಸ್ತಿ ಕೆಲಸ ಮಾಡುತ್ತದೆ. ಅಂದರೆ ಒಂದೇ ದರದ ಟಿಕೆಟ್ ಇಬ್ಬರಿಗೂ ಒಂದೇ ಸುಖದ ಅಳತೆ ಅಲ್ಲ. ಇದನ್ನು ಮಾರ್ಷಲ್ ಸುಮ್ನೆ ಅನುಕಂಪಕ್ಕೆ ಹೇಳಲಿಲ್ಲ. ಅದೇ ಸೀಮಾಂತ ತುಷ್ಟಿಗುಣದ ನಿಯಮವನ್ನು ದುಡ್ಡಿಗೂ ಅನ್ವಯಿಸಿದರು, ಅಷ್ಟೆ. ಅವರ ಶಿಷ್ಯ ಪಿಗೂ 1920ರಲ್ಲಿ ಮುಂದಿನ ಹೆಜ್ಜೆ ಇಟ್ಟರು. ಹಾಗಾದರೆ ಒಟ್ಟು ಉತ್ಪತ್ತಿ ಕುಗ್ಗದ ಹಾಗೆ ಶ್ರೀಮಂತರಿಂದ ಬಡವರಿಗೆ ಹಣ ಹೋದರೆ ದೇಶದ ಒಟ್ಟು ಸುಖ ಹೆಚ್ಚುತ್ತದೆ. ನೋಡಿ, ನಿಯೋಕ್ಲಾಸಿಕಲ್ ಅರ್ಥಶಾಸ್ತ್ರ ಒಂದು ಕಾಲದಲ್ಲಿ ಬಡವರ ಪರವಾಗಿ ಇಷ್ಟು ಗಟ್ಟಿಯಾದ ವಾದ ಇಟ್ಟುಕೊಂಡಿತ್ತು.

ಅದನ್ನು ಕಿತ್ತು ಹಾಕಿದ್ದು ಎರಡು ಹಂತದಲ್ಲಿ. ಲೂಸಾನ್‌ನಲ್ಲಿ ವಾಲ್ರಾಸ್ ಪೀಠಕ್ಕೆ ಬಂದ ವಿಲ್ಫ್ರೆಡೊ ಪರೆಟೊ, ಸುಖವನ್ನು ಅಳೆಯುವ ಅಗತ್ಯವೇ ಇಲ್ಲ ಎಂದರು. ನಿಮಗೆ ಯಾವುದು ಹೆಚ್ಚು ಇಷ್ಟ, ಯಾವುದು ಕಡಿಮೆ ಇಷ್ಟ ಎಂಬ ಸಾಲು ಗೊತ್ತಾದರೆ ಸಾಕು. ನಿಮ್ಮ ಪಠ್ಯದ ಔದಾಸೀನ್ಯ ರೇಖೆಗಳು, ಅಂದರೆ ಒಂದೇ ಮಟ್ಟದ ತೃಪ್ತಿ ಕೊಡುವ ಆಯ್ಕೆಗಳನ್ನು ಜೋಡಿಸುವ ಗೆರೆಗಳು, ಈ ಕೆಲಸಕ್ಕೆ ಬಂದವು. ಅಳತೆ ಹೋದ ಮೇಲೆ ಕೂಡುವುದು ಹೇಗೆ? ಆಗಲ್ಲ. ಉಳಿದದ್ದು ಒಂದೇ ಪರೀಕ್ಷೆ: ಯಾರಿಗೂ ನಷ್ಟ ಆಗದೆ ಒಬ್ಬರಿಗಾದರೂ ಲಾಭ ಆಗುತ್ತದಾ? ಅಂಥ ಬದಲಾವಣೆ ಇನ್ನು ಸಾಧ್ಯವಿಲ್ಲ ಎಂದರೆ ಆ ಸ್ಥಿತಿ 'ಅತ್ಯುತ್ತಮ'. ಊರಲ್ಲಿ ಒಬ್ಬನ ಕಣಜ ತುಂಬಿ, ಉಳಿದವರು ಉಪವಾಸ ಇದ್ದರೂ, ಅವನಿಂದ ಒಂದು ಸೇರು ತೆಗೆದರೆ ಅವನಿಗೆ ನಷ್ಟ, ಆದ್ದರಿಂದ ಅದೂ ಅತ್ಯುತ್ತಮವೇ.

ಎರಡನೇ ಹಂತ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಲಯನೆಲ್ ರಾಬಿನ್ಸ್. 1932ರಲ್ಲಿ ಅವರು ಕೊಟ್ಟ ವ್ಯಾಖ್ಯೆಯನ್ನು ನೀವು ಬಾಯಿಪಾಠ ಮಾಡಿರುತ್ತೀರಿ: ಗುರಿಗಳು ಹಲವು, ಸಾಧನಗಳು ವಿರಳ, ಅವಕ್ಕೆ ಪರ್ಯಾಯ ಬಳಕೆಗಳಿವೆ. ಗುರಿ ಯಾವುದೇ ಇರಲಿ, ದಾನವಾಗಲಿ ದರೋಡೆಯಾಗಲಿ, ಅರ್ಥಶಾಸ್ತ್ರ ತಟಸ್ಥ. ಅಲ್ಲಿಗೆ ಸ್ವಾರ್ಥ ಎಂಬುದು ಸಿದ್ಧಾಂತಕ್ಕೆ ಬೇಕಾಗಿಯೇ ಇರಲಿಲ್ಲ. ಆದರೆ ಅದೇ ಗ್ರಂಥದಲ್ಲಿ, ಇಬ್ಬರ ತೃಪ್ತಿಯನ್ನು ಹೋಲಿಸುವುದು ವಿಜ್ಞಾನದ ಕೆಲಸ ಅಲ್ಲ ಎಂದೂ ಹೇಳಿದರು. ಮಳೆಯಲ್ಲಿ ನಡೆದ ಆ ಬಡ ಗುಮಾಸ್ತ ಅಲ್ಲಿಗೆ ಶಾಸ್ತ್ರದಿಂದ ಹೊರಗೆ ಬಿದ್ದ.

ಈ ತೀರ್ಮಾನಕ್ಕೆ ತಾನು ಹೇಗೆ ಬಂದೆ ಎಂದು ರಾಬಿನ್ಸ್ 1938ರ ಒಂದು ಟಿಪ್ಪಣಿಯಲ್ಲಿ ಹೇಳಿಕೊಂಡಿದ್ದಾರೆ. ಅದರಲ್ಲಿ ಬರುವ ಕಥೆ ನಮ್ಮ ದೇಶದ್ದು. ಇಂಗ್ಲೆಂಡಿನ ಕಾನೂನು ಪಂಡಿತ ಹೆನ್ರಿ ಮೇನ್ ಬರಹದಲ್ಲಿ ಅವರು ಅದನ್ನು ಓದಿದ್ದರಂತೆ. ಭಾರತದಲ್ಲಿ ಒಬ್ಬ ಅಧಿಕಾರಿ ಮೇಲ್ಜಾತಿಯ ಬ್ರಾಹ್ಮಣನೊಬ್ಬನಿಗೆ ಬೆಂಥಮ್‌ನ ತತ್ವ ವಿವರಿಸುತ್ತಾನೆ. ಆತ ತಲೆ ಅಲ್ಲಾಡಿಸುತ್ತಾನೆ. ಇದು ಸರಿಯಿರಲು ಸಾಧ್ಯವೇ ಇಲ್ಲ, ಅಲ್ಲಿರುವ ಆ ಅಸ್ಪೃಶ್ಯನಿಗಿಂತ ಹತ್ತು ಪಟ್ಟು ಸುಖ ಅನುಭವಿಸುವ ಶಕ್ತಿ ನನಗಿದೆ ಎನ್ನುತ್ತಾನೆ. ರಾಬಿನ್ಸ್‌ಗೆ ಆ ಮನುಷ್ಯನ ಬಗ್ಗೆ ಕಿಂಚಿತ್ತೂ ಸಹಾನುಭೂತಿ ಇರಲಿಲ್ಲ. ಆದರೆ ಅವನ ಮಾತು ತಪ್ಪು ಎಂದು ಪ್ರಯೋಗ ಮಾಡಿ ತೋರಿಸಲು ತನ್ನ ಹತ್ತಿರ ಸಾಧನ ಇಲ್ಲವಲ್ಲ ಎಂಬುದು ಅವರನ್ನು ಕಾಡಿತು. ಎಲ್ಲರ ಸುಖವನ್ನೂ ಸಮ ಎಂದು ಎಣಿಸುವುದು ನೈತಿಕ ನಿಲುವು, ಅದನ್ನು ನಾನೂ ಒಪ್ಪುತ್ತೇನೆ, ಆದರೆ ವಿಜ್ಞಾನದ ಹೆಸರಲ್ಲಿ ಹೇಳಲಾರೆ ಎಂಬಲ್ಲಿಗೆ ಬಂದು ನಿಂತರು.

ಈ ಪುಟ ಓದಿದಾಗಲೆಲ್ಲ ನನಗೆ ನೋವಾಗುತ್ತದೆ. ರಾಬಿನ್ಸ್ ಪ್ರಾಮಾಣಿಕರು, ಅದರಲ್ಲಿ ಅನುಮಾನ ಇಲ್ಲ. ಆದರೆ ಪರಿಣಾಮ ನೋಡಿ. ಬೆಂಥಮ್‌ನ ಕಲ್ಲಿನಲ್ಲಿ ತೂಗಿದರೆ ಆ ಜಾತಿವಂತನ ಮಾತು ನಿಲ್ಲುತ್ತಿರಲಿಲ್ಲ. ಹೊಸ ಶಾಸ್ತ್ರ ಆ ತಕ್ಕಡಿಯನ್ನೇ ಒಳಗಿಟ್ಟಿತು. ಹೋಲಿಸುವುದಿಲ್ಲ ಅಂದರೆ ಇರುವ ಹಂಚಿಕೆ ಇದ್ದ ಹಾಗೇ ಉಳಿಯುತ್ತದೆ. ಅದೂ ಒಂದು ನಿಲುವೇ ಅಲ್ವಾ?

ಮುಂದಿನದನ್ನು ಬೇಗ ಹೇಳುತ್ತೇನೆ. 1938ರಲ್ಲಿ ಸ್ಯಾಮ್ಯುಯೆಲ್ಸನ್ ಮನಸ್ಸಿನ ಮಾತೇ ಬೇಡ, ಜನ ಏನು ಕೊಂಡರು ಎಂಬುದಷ್ಟನ್ನೇ ನೋಡೋಣ ಎಂದರು. 1953ರಲ್ಲಿ ಫ್ರೀಡ್‌ಮನ್, ಊಹೆ ನಿಜವಾಗಿರಬೇಕಿಲ್ಲ, ಭವಿಷ್ಯ ಸರಿಯಾಗಿ ಹೇಳಿದರೆ ಸಾಕು ಎಂದರು. ಮಿಲ್ ಅನುಮಾನದಿಂದ ಹಿಡಿದುಕೊಂಡಿದ್ದ ಸರಳೀಕರಣಕ್ಕೆ ಇಲ್ಲಿ ಪೂರ್ತಿ ಪರವಾನಗಿ ಸಿಕ್ಕಿತು. 1954ರಲ್ಲಿ ಆರೋ ಮತ್ತು ಡೆಬ್ರೂ ವಾಲ್ರಾಸ್‌ನ ಸಮತೋಲನ ಯಾವ ಷರತ್ತುಗಳಲ್ಲಿ ಇರಬಲ್ಲದು ಎಂದು ಗಣಿತದಲ್ಲಿ ತೋರಿಸಿದರು. ಆ ಷರತ್ತುಗಳ ಪಟ್ಟಿ ಓದಿದರೆ ದನದ ಜಾತ್ರೆಯ ಟವೆಲ್‌ಗೆ ಅಲ್ಲಿ ಜಾಗ ಇಲ್ಲ ಎಂಬುದು ಗೊತ್ತಾಗುತ್ತದೆ.

ತಕ್ಕಡಿಯನ್ನು ಮತ್ತೆ ಹೊರಗೆ ತಂದವರಲ್ಲಿ ಮುಖ್ಯರು ಅಮರ್ತ್ಯ ಸೇನ್. 1943ರ ಬಂಗಾಳದ ಬರಗಾಲವನ್ನು ಒಂಬತ್ತು ವರ್ಷದ ಹುಡುಗನಾಗಿ ಕಣ್ಣಾರೆ ಕಂಡವರು. 1970ರ ಅವರ ಗ್ರಂಥದಲ್ಲಿ ರಾಬಿನ್ಸ್‌ಗೆ ಒಂದು ಉತ್ತರ ಇದೆ. ಹೋಲಿಕೆ ಅಂದರೆ ಪೂರ್ತಿ ಕರಾರುವಾಕ್ಕಾಗಿರಬೇಕು, ಇಲ್ಲವೇ ಇರಲೇಬಾರದು ಎಂದು ಯಾಕೆ ಅಂದುಕೊಳ್ಳಬೇಕು? ಅರ್ಧಂಬರ್ಧ ಹೋಲಿಕೆಯೂ ಎಷ್ಟೋ ಕಡೆ ಸಾಕಾಗುತ್ತದೆ. ಅವರು ಕೊಡುವ ಉದಾಹರಣೆ ನೀರೋ ದೊರೆಯದು. ರೋಮ್ ಹೊತ್ತಿ ಉರಿಯಿತು. ಅದರಿಂದ ನೀರೋಗೆ ಸಿಕ್ಕ ಸುಖ, ಮನೆ ಮಠ ಕಳೆದುಕೊಂಡ ರೋಮನ್ನರೆಲ್ಲರ ದುಃಖಕ್ಕಿಂತ ಕಡಿಮೆ ಎಂದು ಹೇಳಲು ಒಬ್ಬೊಬ್ಬರ ಮನಸ್ಸಿಗೂ ಅಳತೆಪಟ್ಟಿ ಹಿಡಿಯಬೇಕಾಗಿಲ್ಲ.